ಶೆಟ್ಟೆಪ್ಪನವರ ಪಾಳಿ ವಸೂಲಿ

ಶೆಟ್ಟೆಪ್ಪನವರ ಮನೆಯಲ್ಲಿ ಯಾರಿಗೂ ಕಾಯಿಲೆ ಬರುತ್ತಿರಲಿಲ್ಲ. ಇದನ್ನು ಅವರು ತಮಗಾಗುತ್ತಿರುವ ದೊಡ್ಡ ಅನ್ಯಾಯವೆಂದು ತಿಳಿದಿದ್ದರು.

ಬೇರೆಯವರಾಗಿದ್ದರೆ ದೇವರ ಮುಂದೆ ಎರಡು ಊದುಬತ್ತಿ ಹಚ್ಚಿ ಸುಮ್ಮನಿರುತ್ತಿದ್ದರು. ಶೆಟ್ಟೆಪ್ಪನವರಿಗೆ ಅದು ಆಗದ ಮಾತು. ಮುಂಬಯಿಯ ಬೈಕುಲ್ಲಾದ ತರಕಾರಿ ಮಾರ್ಕೆಟ್ಟಿನಲ್ಲಿ, ಒಬ್ಬ ಸಗಟು ವ್ಯಾಪಾರಿಯ ಅಂಗಡಿಯಲ್ಲಿ ತೂಕ ಮಾಡುವ ಕೆಲಸ ಅವರದು. ಬಟಾಣಿ, ಗಜ್ಜರಿ, ಹೂಕೋಸು ತೂಗುತ್ತ ತೂಗುತ್ತ ಕೂದಲು ಹಣ್ಣಾಗಿ, ಒಂದು ಕಡೆ ಇಟ್ಟದ್ದಕ್ಕೆ ಇನ್ನೊಂದು ಕಡೆಯಿಂದ ಸರಿಯಾಗಿ ಬರಲೇಬೇಕು ಎಂಬುದು ಅವರಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತ್ತು. ಅಂಗಡಿಗೆ ಕರೆಂಟಿನ ಕಾಟಾ ಬಂದು ಎಷ್ಟೋ ಕಾಲವಾಗಿದೆ. ಶೆಟ್ಟೆಪ್ಪನವರ ತಲೆಯೊಳಗೆ ಮಾತ್ರ ಇನ್ನೂ ಎರಡು ತಟ್ಟೆಯ ತಕ್ಕಡಿಯೇ ತೂಗಾಡುತ್ತಿತ್ತು.

ಅನ್ಯಾಯ ಏನೆಂದು ತಿಳಿಯಬೇಕಾದರೆ ಅಂತಸ್ತಿನ ಸಾಲುಮನೆಗಳ ನಮ್ಮ ಚಾಳಿನ ಪಾಳಿಯ ಪದ್ಧತಿ ತಿಳಿದಿರಬೇಕು. ಇಲ್ಲಿರುವ ಕನ್ನಡದವರಲ್ಲಿ ಹೆಚ್ಚಿನವರು ವಿಜಯಪುರ, ಬೆಳಗಾವಿ ಕಡೆಯ ಜನ. ಮೈಸೂರಿನ ಕಡೆಯವರೆಂದರೆ ನಾನು ನಂಜುಂಡ, ನನ್ನ ಹೆಂಡತಿ ಪಂಕಜಾ, ಇಬ್ಬರೇ. ಯಾರಿಗೆ ಏನೇ ಆದರೂ ನಮಗೆಲ್ಲ ಗತಿ ಮುನಿಸಿಪಾಲ್ಟಿಯ ದೊಡ್ಡ ದವಾಖಾನೆ. ಅಲ್ಲಿ ಡಾಕ್ಟರು ಒಳ್ಳೆಯವರು, ಔಷಧವೂ ಸಿಗುತ್ತದೆ. ಆದರೆ ಪ್ರತಿ ರೋಗಿಯ ಜೊತೆಗೆ ಒಬ್ಬ ಸಂಬಂಧಿಕ ಸದಾ ಇರಬೇಕು. ರಕ್ತದ ಬಾಟಲಿ ಲ್ಯಾಬಿಗೆ ಒಯ್ಯುವುದು, ಸ್ಟ್ರೆಚರ್ ತಳ್ಳುವುದು, ಔಷಧದ ಸಾಲಿನಲ್ಲಿ ನಿಲ್ಲುವುದು, ಎಲ್ಲ ಅವನದೇ ಕೆಲಸ. ‘ಪೇಶಂಟಚೆ ನಾತೇವಾಯಿಕ ಕೋಣ?’ ಎಂದು, ಅಂದರೆ ಈ ರೋಗಿಯ ಸಂಬಂಧಿಕ ಯಾರು ಎಂದು ಮರಾಠಿಯಲ್ಲಿ ಕೂಗು ಬಂದ ಕೂಡಲೇ ಒಬ್ಬರು ಎದ್ದು ನಿಲ್ಲಬೇಕು. ದುಡಿದು ತಿನ್ನುವ ಮನೆಯಲ್ಲಿ ಯಾರು ತಾನೇ ಕೆಲಸ ಬಿಟ್ಟು ದಿನಗಟ್ಟಲೆ ಕೂತಾರು? ಅದಕ್ಕೇ ಹಿಂದಿನವರು ಮನೆಗೊಬ್ಬರಂತೆ ಪಾಳಿ ಹಚ್ಚಿದರು. ಚಾಳಿನ ಯಾರು ಮಲಗಿದರೂ ಎಲ್ಲ ಮನೆಯವರೂ ಸರದಿಯ ಮೇಲೆ ಅವರ ಸಂಬಂಧಿಕರು. ಗಂಡಸರ ವಾರ್ಡಿಗೆ ಗಂಡಸರು, ಹೆಂಗಸರ ವಾರ್ಡಿಗೆ ಹೆಂಗಸರು. ಹೆಂಗಸರ ವಾರ್ಡಿನ ಒಳಗೆ ಭೇಟಿಯ ಹೊತ್ತು ಬಿಟ್ಟರೆ ಗಂಡಸರನ್ನು ಬಿಡುವುದಿಲ್ಲ.

ಯಾರ ಪಾಳಿ ಎಂದು ನಿರ್ಧರಿಸುವವರು ಕಸ್ತೂರಿಬಾಯಿ. ಜೋಳದ ರೊಟ್ಟಿ ಬಡಿದು ಮಾರುವ ಹಿರಿಯ ಹೆಂಗಸು. ಬರೆಯಲು ಬಾರದ ಕಾರಣ ವಾಟ್ಸಾಪ್ ಗುಂಪಿನಲ್ಲಿ ಧ್ವನಿ ಸಂದೇಶ ಕಳಿಸುತ್ತಾರೆ. ಹಿಂದೆ ರೊಟ್ಟಿ ಬಡಿಯುವ ಸಪ್ಪಳ, ಮುಂದೆ ಆಜ್ಞೆ.

ಶೆಟ್ಟೆಪ್ಪನವರಷ್ಟು ಪಾಳಿ ಕೂತ ಗಂಡಸು ಚಾಳಿನಲ್ಲಿ ಇನ್ನೊಬ್ಬನಿರಲಿಲ್ಲ. ನನ್ನ ಮೂತ್ರಪಿಂಡದ ಕಲ್ಲಿಗೆ ಕೂತವರು ಅವರೇ. ನೋವಿನಿಂದ ನಾನು ಹೊರಳಾಡುತ್ತಿದ್ದಾಗ ಪಕ್ಕದಲ್ಲಿ ಕೂತು, ತಾವು ಈವರೆಗೆ ಯಾರ್‍ಯಾರಿಗೆ ಯಾವ್ಯಾವ ರೋಗಕ್ಕೆ ಕೂತಿದ್ದೇವೆಂದು ಸಾಲಾಗಿ ಒಪ್ಪಿಸಿದ್ದರು. ಕೊನೆಗೆ ನಿಟ್ಟುಸಿರು ಬಿಟ್ಟು, “ನಮ್ಮನ್ಯಾಗ ಒಬ್ಬರಿಗೂ ಒಂದ್ ನೆಗಡಿ ಸೈತ ಬರಂಗಿಲ್ಲ ನೋಡ್ರಿ ಸರ್” ಎಂದಿದ್ದರು. ಆ ಸ್ಥಿತಿಯಲ್ಲೂ ನಾನು ಅವರಿಗೆ ಸಮಾಧಾನ ಹೇಳಬೇಕಾಯಿತು.

ಮನೆ ಎಂದರೆ ಅವರು ಮತ್ತು ಹೆಂಡತಿ ನಾಗವ್ವ. ಮಕ್ಕಳಿಲ್ಲ. ನಾಗವ್ವ ಮಾತು ಕಡಿಮೆಯ, ನಗು ಹೆಚ್ಚಿನ ಹೆಂಗಸು. ಅವರಿಗೆ ನೆಗಡಿಯೂ ಬರುವುದಿಲ್ಲವೆಂದು ಶೆಟ್ಟೆಪ್ಪನವರು ನಂಬಿದ್ದರು. ನನ್ನ ಹೆಂಡತಿ ನಂಬಿರಲಿಲ್ಲ. “ನಾಗವ್ವ ಮೆಟ್ಟಿಲು ಹತ್ತುವಾಗ ಪ್ರತಿ ಮಾಳಿಗೆಯಲ್ಲೂ ನಿಂತು ಕಟಕಟೆ ಹಿಡ್ಕೋತಾರೆ ಕಣ್ರೀ. ಕೇಳಿದ್ರೆ ಗಾಳಿ ತಗೊಳ್ತಿದೀನಿ ಅಂತಾರೆ. ನಮ್ಮ ಮೆಟ್ಟಿಲಲ್ಲಿ ಎಲ್ಲಿದೆ ಗಾಳಿ?” ಎಂದು ಪಂಕಜಾ ಒಂದೆರಡು ಸಲ ಹೇಳಿದ್ದಳು. ನಾನು ಹೂಂ ಎಂದಿದ್ದೆ.

ತಕ್ಕಡಿ ಪೂರ್ತಿ ವಾಲಿದ್ದು ಸಂತುವಿನಿಂದ. ಸಂತು ಪೇಂಟಿಂಗ್ ಕೆಲಸದವನು. ದುಡಿದದ್ದನ್ನು ಕುಡಿದು, ಕುಡಿದದ್ದಕ್ಕೆ ದವಾಖಾನೆ ಸೇರುವುದು ಅವನ ವಾಡಿಕೆ. ಆ ಸಲ ಅವನು ಸೇರಿದಾಗ ಶೆಟ್ಟೆಪ್ಪನವರ ಪಾಳಿ ಭಾನುವಾರ ಬಿತ್ತು. ಅದೇ ದಿನ ಗೋರೆಗಾಂವಿನಲ್ಲಿ ಅವರ ಸಂಬಂಧಿಕರ ಮದುವೆ. ಮಧ್ಯಾಹ್ನ ಚಾಳಿನ ಸೋಮನಾಥ ಬಂದು ಬಿಡಿಸುತ್ತಾನೆ, ಅಲ್ಲಿಂದಲೇ ಊಟಕ್ಕೆ ಹೋದರಾಯಿತು ಎಂದು ಶೆಟ್ಟೆಪ್ಪನವರು ಗಂಜಿ ಹಾಕಿದ ಹೊಸ ಅಂಗಿ ತೊಟ್ಟು, ಅತ್ತರು ಹಚ್ಚಿಕೊಂಡು ವಾರ್ಡಿಗೆ ಬಂದರು. ಅತ್ತರಿನ ವಾಸನೆಗೆ ಸಂತುವಿನ ಹೊಟ್ಟೆ ತೊಳಸಿತು. ಅವನು ಶೆಟ್ಟೆಪ್ಪನವರ ಅಂಗಿಯ ಮೇಲೆಯೇ ಕಾರಿದ.

“ತಪ್ಪಾತ್ರಿ ಕಾಕಾ” ಎಂದ ಸಂತು.

ಸೋಮನಾಥ ಬರಲಿಲ್ಲ. ಹಳಿ ರಿಪೇರಿಯ ಭಾನುವಾರದ ಮೆಗಾ ಬ್ಲಾಕಿನಲ್ಲಿ ಅವನ ಲೋಕಲ್ ರೈಲು ಎರಡು ಸ್ಟೇಷನ್ನಿನ ನಡುವೆ ನಿಂತುಬಿಟ್ಟಿತ್ತು. ಶೆಟ್ಟೆಪ್ಪನವರು ದವಾಖಾನೆಯ ನೀಲಿ ಗೌನು ತೊಟ್ಟು, ಕಿಟಕಿಯಲ್ಲಿ ಅಂಗಿ ಒಣಗಿಸುತ್ತ ಸಂಜೆಯವರೆಗೆ ಕೂತರು. ರೌಂಡ್ಸಿಗೆ ಬಂದ ಡಾಕ್ಟರು ಅವರ ನಾಡಿಯನ್ನೂ ನೋಡಿ, ಚೆನ್ನಾಗಿದೆ ಎಂದು ಹೇಳಿ ಹೋದರು.

ಮದುವೆಗೆ ಒಬ್ಬರೇ ಹೋಗಿದ್ದ ನಾಗವ್ವ ಡಬ್ಬಿಯಲ್ಲಿ ಗೋಧಿ ಹುಗ್ಗಿ ತಂದಿದ್ದರು. ಮೂರು ಮಾಳಿಗೆ ಹತ್ತಿ ಮನೆಗೆ ಬಂದು, ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು, ಆಮೇಲೆ ತಟ್ಟೆಗೆ ಬಡಿಸಿದರು. ಶೆಟ್ಟೆಪ್ಪನವರು ತಟ್ಟೆ ಸರಿಸಿದರು. “ಪಂಕ್ತ್ಯಾಗ ಕುಂತ ಉಣ್ಣೂ ಹುಗ್ಗಿ ಬ್ಯಾರೆ, ಡಬ್ಬ್ಯಾಗಿಂದ ಬ್ಯಾರೆ” ಎಂದರು. ಆಮೇಲೆ ನಾಗವ್ವ ನೀರಿಗೆ ಹೋದಾಗ ಪೂರ್ತಿ ತಿಂದರು ಎಂದು ಗೋಡೆಯಾಚೆ ಪಕ್ಕದ ಮನೆಯ ನನಗೆ ಚಮಚದ ಸಪ್ಪಳದಿಂದ ಗೊತ್ತಾಯಿತು.

ಮುಂದಿನ ಭಾನುವಾರ ಕಸ್ತೂರಿಬಾಯಿಯ ಖೋಲಿಯ ಮುಂದೆ, ಗ್ಯಾಲರಿಯಲ್ಲಿ ಸಭೆ ಸೇರಿತು. ಸಭೆ ಕರೆದವರು ಶೆಟ್ಟೆಪ್ಪನವರೇ.

“ಅಕ್ಕಾರ, ಈ ಚಾಳಿನ್ಯಾಗ ಎಲ್ಲಾರಕಿಂತ ಬಾಳ ಪಾಳಿ ಕುಂತಾಂವ ಯಾರು?”

“ನೀನಪಾ” ಎಂದರು ಕಸ್ತೂರಿಬಾಯಿ.

“ನಮ್ಮನಿ ಸಲುವಾಗಿ ಕುಂತವರು ಯಾರು?”

“ಯಾರೂ ಇಲ್ಲ. ದೇವರ ದಯಾ.”

“ದೇವರ ದಯಾನೂ ನನಗ, ಪಾಳೀನೂ ನನಗ. ಕುಡ್ಯಾವಂಗ ಪಾಳಿ ಸಿಗತಾವು, ಮಜ್ಜಿಗಿ ಕುಡ್ಯಾವಂಗ ಇಲ್ಲ. ಇದು ಎಲ್ಲೀ ನ್ಯಾಯ್ರಿ?”

ಸಂತು ತಲೆ ತಗ್ಗಿಸಿದ. ಸೋಮನಾಥ ಮೆಗಾ ಬ್ಲಾಕಿನ ಪಾಪ ತೊಳೆದುಕೊಳ್ಳಲೆಂದು ಮೆಲ್ಲಗೆ ಹೇಳಿದ: “ಶೆಟ್ಟೆಪ್ಪಣ್ಣಾ, ನಾವೆಲ್ಲಾ ಮುನಿಸಿಪಾಲ್ಟಿಗೆ ಟ್ಯಾಕ್ಸ್ ಕಟ್ತೀವಿ. ಬೆಂಕಿ ಆರಸೂ ಗಾಡಿ ನಮ್ಮನಿಗಿ ಒಮ್ಮೆನೂ ಬರಲಿಲ್ಲಂತ ಯಾರರ ಜಗಳಾ ತಗೀತಾರೇನು?”

“ಒಮ್ಮೆರ ಗಂಟಿ ಬಾರಿಸ್ಕೋತ ಮನಿ ಮುಂದ ಹಾದು ಹೋಗಬೇಕಪಾ. ಅಷ್ಟರ ಸಮಾಧಾನ ಬ್ಯಾಡನು?”

ಎಲ್ಲರೂ ನಕ್ಕರು. ನಕ್ಕದ್ದೇ ತಪ್ಪಾಯಿತು. ಶೆಟ್ಟೆಪ್ಪನವರ ದನಿ ಏರಿತು. “ನಗಬ್ಯಾಡ್ರಿ. ಒಂದ್ ಆಪರೇಷನ್ ಇಲ್ಲ, ಒಂದ್ ಮಲೇರಿಯಾ ಇಲ್ಲ. ಉಳದವರ ಮನ್ಯಾಗ ಎರಡೆರಡ ಮೂರಮೂರ ಬಾಣಂತನ. ನಮ್ಮನ್ಯಾಗ ಒಂದ್ ಬಾಣಂತನ ಸೈತ ಆಗಿಲ್ಲ.”

ರೊಟ್ಟಿ ಬಡಿಯುತ್ತಿದ್ದ ಕಸ್ತೂರಿಬಾಯಿಯ ಕೈ ನಿಂತಿತು. ನಾಗವ್ವ ತುದಿಯಲ್ಲಿ ಕೂತಿದ್ದರು. ಮೆಲ್ಲಗೆ ಎದ್ದು, ಖಾಲಿ ಕೊಡವೊಂದನ್ನು ಎತ್ತಿಕೊಂಡು ನಲ್ಲಿಯ ಕಡೆಗೆ ಹೋದರು. ಅದು ನಲ್ಲಿಯಲ್ಲಿ ನೀರು ಬರುವ ಹೊತ್ತಲ್ಲ. ತಾವು ಏನೋ ಆಡಬಾರದ್ದು ಆಡಿದೆವೆಂದು ಶೆಟ್ಟೆಪ್ಪನವರಿಗೆ ತಿಳಿಯಿತು, ಆದರೆ ಸಭೆ ಕರೆದವರು ತಾವೇ ಆದ್ದರಿಂದ ಹಿಂದೆ ಸರಿಯುವಂತಿರಲಿಲ್ಲ. ನನಗೆ ಅವರ ಮೇಲೆ ಬಂದಷ್ಟು ಸಿಟ್ಟು ಆ ದಿನ ಯಾರ ಮೇಲೂ ಬರಲಿಲ್ಲ.

ಕಸ್ತೂರಿಬಾಯಿ ಹಿಟ್ಟಿನ ಕೈ ಒರೆಸಿಕೊಂಡರು. “ಹಾಸಗಿ ಮ್ಯಾಲ ಮಲಗಿದವರಿಗೆ ಪಾಳಿ ಕೂಡ್ತಾರ ಶೆಟ್ಟೆಪ್ಪಾ. ನಿನಗ ಅಷ್ಟ ಹಂಬಲ ಇದ್ರ ಹೋಗಿ ಮಲಗು. ಎಲ್ಲಾರೂ ಕೂಡ್ತೀವಿ” ಎಂದರು.

ಆ ಸಂಜೆ ಶೆಟ್ಟೆಪ್ಪನವರು ವಾಟ್ಸಾಪ್ ಗುಂಪು ಬಿಟ್ಟುಹೋದರೆಂದು ಎಲ್ಲರ ಮೊಬೈಲಿಗೂ ಬಂತು. ಚಾಳಿನಲ್ಲಿ ಗುಸುಗುಸು ಶುರುವಾಯಿತು. ಬೆಳಗಾಗುವುದರೊಳಗೆ ಅವರೇ ನನ್ನ ಬಾಗಿಲಲ್ಲಿದ್ದರು. “ಸರ್, ನನ್ನ ಹೆಸರು ಹೊಳ್ಳಿ ಗುಂಪಿನ್ಯಾಗ ಹಾಕಸ್ರಿ. ಇಲ್ಲಂದ್ರ ನನ್ನ ಪಾಳಿ ಹೆಂಗ ಗೊತ್ತಾಗಬೇಕು?”

“ನಿಮ್ಮ ಪಾಳಿ ಅಂದ್ರೆ?”

“ನನಗ ಕೂಡೂದು. ನಾ ಮಲಗಾಂವ ಅದೀನಿ” ಎಂದರು ಶೆಟ್ಟೆಪ್ಪನವರು, ಊರಿಗೆ ಹೋಗಲು ಟಿಕೆಟ್ ತೆಗೆಸಿದವರ ಹಾಗೆ.

ಮಲಗುವುದು ಹೇಗೆಂದು ಕಲಿಸಿದವನು ಸಂತು. ಅಂಗಿ ಹಾಳು ಮಾಡಿದ ಋಣ ಅವನ ಮೇಲಿತ್ತು, ದವಾಖಾನೆಯ ಅನುಭವವೂ ಚಾಳಿನಲ್ಲಿ ಅವನಿಗಿದ್ದಷ್ಟು ಯಾರಿಗೂ ಇರಲಿಲ್ಲ. ಗ್ಯಾಲರಿಯ ತುದಿಯಲ್ಲಿ ನಿಂತು ಪಾಠ ಹೇಳಿದ. “ಹೊಟ್ಟಿ ಅಂದ್ರ ಗೋಳಿ ಕೊಟ್ಟು ಕಳಸ್ತಾರ ಕಾಕಾ. ಜ್ವರಾ ಅಂದ್ರ ರಕ್ತಾ ತಗೊಂಡು ಕಳಸ್ತಾರ. ಎದಿ ಅಂದ್ರ ಮಲಗಸ್ತಾರ. ಎಡಗೈ ಅನ್ನೂದು ಮಾತ್ರ ಮರೀಬ್ಯಾಡ್ರಿ.”

“ಯಾಕ, ಬಲಗೈ ಆದ್ರ?”

“ಬಲಗೈ ಅಂದ್ರ ಹಮಾಲಿ ಮಾಡಿ ನೋವಾಗೇತಿ ಅಂತಾರ.”

ನಾಗವ್ವ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದರು. “ಇಲ್ಲದ ಎದಿನೋವು ಹೇಳಬಾರದ್ರಿ. ದೇವರು ಹೂಂ ಅಂದಗಿಂದಾನು” ಎಂದರು. ಶೆಟ್ಟೆಪ್ಪನವರು ಆಗಲೇ ಕೈಚೀಲಕ್ಕೆ ಟವಲು ತುಂಬುತ್ತಿದ್ದರು.

ಪಾಠ ಫಲಿಸಿತು. ಎದೆ, ಎಡಗೈ, ವಯಸ್ಸು, ಮೂರನ್ನೂ ಕೇಳಿದ ಡಾಕ್ಟರು ಎರಡು ದಿನ ನೋಡೋಣವೆಂದು ಗಂಡಸರ ವಾರ್ಡಿನಲ್ಲಿ ಹಾಸಿಗೆ ಕೊಟ್ಟರು. ವಾರ್ಡು ತುಂಬಿ ತುಳುಕುತ್ತಿತ್ತು. ಆ ಮಂಚದ ಮೇಲಿದ್ದ, ಚೇತರಿಸಿಕೊಳ್ಳುತ್ತಿದ್ದ ಮುದುಕರೊಬ್ಬರನ್ನು ನೆಲದ ಮೇಲಿನ ಗಾದಿಗೆ ಇಳಿಸಿದರು. ಶೆಟ್ಟೆಪ್ಪನವರಿಗೆ ಸ್ವಲ್ಪ ಕಸಿವಿಸಿಯಾಯಿತು. ಆದರೆ ಎಷ್ಟೋ ವರ್ಷದ ಬಾಕಿ ಬರುವ ಹೊತ್ತಿನಲ್ಲಿ ಅಂಥದ್ದನ್ನೆಲ್ಲ ಮನಸ್ಸಿಗೆ ಹಚ್ಚಿಕೊಳ್ಳಲಾಗುತ್ತದೆಯೇ ಎಂದು ಆ ಕಡೆಗೆ ಬೆನ್ನು ಮಾಡಿ ಮಲಗಿದರು.

ಚಾಳು ಮಾತಿಗೆ ತಪ್ಪಲಿಲ್ಲ. ಕಸ್ತೂರಿಬಾಯಿಯ ಧ್ವನಿ ಬಂತು, ಹಿಂದೆ ರೊಟ್ಟಿಯ ಸಪ್ಪಳವೂ ಬಂತು. ಮೊದಲ ಪಾಳಿ ಸಂತುವಿನದು. ಅವನು ಎಂದೂ ಇಲ್ಲದಂತೆ ಸ್ನಾನ ಮಾಡಿ, ಒಂದು ಹನಿಯೂ ಮುಟ್ಟದೆ ಬಂದು, ಕೈ ಕಟ್ಟಿ ಕೂತ. ಶೆಟ್ಟೆಪ್ಪನವರು ಕಾಲು ಒತ್ತಿಸಿಕೊಂಡರು. ಸೋಮನಾಥ ಬಂದಾಗ ಬೆನ್ನು ಒತ್ತಿಸಿಕೊಂಡರು. ಸೋಮನಾಥನ ತಂದೆಗೆ ತಾವು ಕೂತಿದ್ದಾಗ ಆತ ಮೂರು ಸಲ ಚಹಾ ತರಿಸಿಕೊಂಡಿದ್ದನ್ನು ನೆನಪಿಸಿ, ತಾವೂ ಮೂರು ಸಲ ತರಿಸಿಕೊಂಡರು. ಯಾರ ಹತ್ತಿರ ಏನು ಬಾಕಿ ಎಂಬುದೆಲ್ಲ ಬಾಯಿಪಾಠ.

ಪಾಳಿ ಯಾರದೇ ಇರಲಿ, ಭೇಟಿಯ ಹೊತ್ತಿಗೆ ಡಬ್ಬಿ ತರುವವರು ನಾಗವ್ವ. ಲಿಫ್ಟು ಸ್ಟ್ರೆಚರಿಗೆ ಮಾತ್ರ. ಮೆಟ್ಟಿಲು ಹತ್ತಿ ಬಂದು, ಡಬ್ಬಿ ಬಿಚ್ಚಿ, ನೆಲದ ಮೇಲಿದ್ದ ಆ ಮುದುಕರಿಗೂ ಒಂದು ರೊಟ್ಟಿ ಪಲ್ಯ ಕೊಟ್ಟು, ಆಮೇಲೆ ಗಂಡನಿಗೆ ಬಡಿಸುತ್ತಿದ್ದರು.

“ಅವರ್ಯಾರು? ನಮ್ಮ ಚಾಳಿನವರಲ್ಲ” ಎಂದು ಶೆಟ್ಟೆಪ್ಪನವರು ಆಕ್ಷೇಪಿಸಿದರು.

“ಹಾಸಗಿ ಮ್ಯಾಲ ಇದ್ದವರು. ಈಗ ನೆಲದ ಮ್ಯಾಲ ಅದಾರ” ಎಂದರು ನಾಗವ್ವ.

ನನ್ನ ಪಾಳಿಯ ದಿನ ಡಾಕ್ಟರು ಬಂದರು. ಚಿಕ್ಕ ವಯಸ್ಸಿನ ಮರಾಠಿ ಹುಡುಗಿ. ನಿದ್ದೆಗೆಟ್ಟು ಕಣ್ಣು ಕೆಂಪಗಾಗಿತ್ತು. ಎಲ್ಲ ಪರೀಕ್ಷೆಯೂ ಸರಿಯಾಗಿದೆ, ಬರೀ ಗ್ಯಾಸು, ಮನೆಗೆ ಹೋಗಬಹುದು ಎಂದು ಹಿಂದಿಯಲ್ಲಿ ಹೇಳಿದರು.

ಶೆಟ್ಟೆಪ್ಪನವರ ಮುಖ ಇಳಿಯಿತು. “ಅಭೀ ನಹೀಂ ಮ್ಯಾಡಮ್. ಬಹುತ್ ಲೋಗ್ ಬಾಕೀ ಹೈ” ಎಂದರು.

“ಕೌನ್ ಲೋಗ್?”

ಪಾಳಿಗೆ ಬರಲು ಇನ್ನೂ ಬಾಕಿ ಇದ್ದ ಜನರ ಹೆಸರನ್ನೆಲ್ಲ ಶೆಟ್ಟೆಪ್ಪನವರು ಬೆರಳು ಮಡಿಸುತ್ತ ಹೇಳತೊಡಗಿದರು. ಡಾಕ್ಟರು ನನ್ನ ಕಡೆ ನೋಡಿದರು. ಇವರ ತಲೆಗೂ ಏನಾದರೂ ಪೆಟ್ಟು ಬಿದ್ದಿದೆಯೇ ಎಂಬ ನೋಟ. ನಾನು ಇಲ್ಲವೆಂದು ತಲೆಯಾಡಿಸಿದೆ. ಸಿಸ್ಟರು ಬಂದು, ಹಾಸಿಗೆ ಬೇಕಾದವರು ಹೊರಗೆ ಕಾಯುತ್ತಿದ್ದಾರೆ, ಏಳಿ ಎಂದು ಮರಾಠಿಯಲ್ಲಿ ಗದರಿದರು. ಶೆಟ್ಟೆಪ್ಪನವರು ಮಂಚದ ಕಬ್ಬಿಣ ಗಟ್ಟಿಯಾಗಿ ಹಿಡಿದರು. “ನಂಜುಂಡ ಸರ್, ನೀವರ ಹೇಳ್ರಿ ಇವರಿಗೆ. ಇನ್ನೂ ಅರ್ಧಾ ಚಾಳ ಉಳದೈತಿ.”

ಆ ಗಲಾಟೆಯ ನಡುವೆ ನಾಗವ್ವ ಬಾಗಿಲಲ್ಲಿ ಕಾಣಿಸಿದರು. ಡಬ್ಬಿ ಹಿಡಿದ ಕೈ ಗೋಡೆಗೆ ಊರಿತ್ತು. ಇನ್ನೊಂದು ಕೈ ಎದೆಯ ಮೇಲಿತ್ತು. ಗಂಡ ಮಂಚ ಹಿಡಿದುಕೊಂಡಿದ್ದನ್ನು ನೋಡಿ ನಾಚಿಕೆಯಿಂದ ನಗಲು ಹೋದರು. ನಗು ಪೂರ್ತಿಯಾಗುವ ಮೊದಲೇ ಅಲ್ಲೇ ಕುಸಿದು ಕೂತರು. ಡಬ್ಬಿ ಉರುಳಿಕೊಂಡು ಹೋಗಿ ಆ ಮುದುಕರ ಗಾದಿಗೆ ತಾಗಿ ನಿಂತಿತು.

ಡಾಕ್ಟರು ಶೆಟ್ಟೆಪ್ಪನವರನ್ನು ಅಲ್ಲೇ ಬಿಟ್ಟು ಓಡಿದರು. ಮಲಗಿಸಲು ಬೇರೆ ಜಾಗವಿರಲಿಲ್ಲ. “ಉಠಾ ಕಾಕಾ” ಎಂದು ಸಿಸ್ಟರು ಹೇಳುವ ಮೊದಲೇ ಶೆಟ್ಟೆಪ್ಪನವರು ಮಂಚದಿಂದ ಕೆಳಗಿದ್ದರು. ಅಷ್ಟು ಹೊತ್ತು ಯಾರಿಗೂ ಬಿಟ್ಟುಕೊಡದೆ ಹಿಡಿದ ಹಾಸಿಗೆಯ ಮೇಲೆ ನಾಗವ್ವನನ್ನು ಮಲಗಿಸಿದೆವು. ಅವರ ಕಾಲು ಊದಿದ್ದನ್ನು ನಾನು ಆಗ ನೋಡಿದೆ. ಶೆಟ್ಟೆಪ್ಪನವರೂ ಆಗಲೇ ನೋಡಿದರೆಂದು ಕಾಣುತ್ತದೆ.

ಹೃದಯದ ಕವಾಟ ಕೆಟ್ಟಿದೆ, ಬಹಳ ಕಾಲದಿಂದ ಇದ್ದ ತೊಂದರೆ, ಶ್ವಾಸಕೋಶದಲ್ಲಿ ನೀರು ತುಂಬಿದೆ, ಈಗ ಆಪರೇಷನ್ ತಾಳುವ ಶಕ್ತಿ ದೇಹಕ್ಕಿಲ್ಲ ಎಂದರು ಡಾಕ್ಟರು. ಇಷ್ಟು ದಿನ ಯಾಕೆ ಬರಲಿಲ್ಲ ಎಂದು ಕೇಳಿದರು. ನಾಗವ್ವ ಕನ್ನಡದಲ್ಲಿ ಹೇಳಿದ್ದನ್ನು ನಾನು ಹಿಂದಿಗೆ ತಿರುಗಿಸಬೇಕಿತ್ತು.

“ಬರಬೇಕಂತ ಮಾಡಿದ್ದೆ. ಅಷ್ಟರಾಗ ಇವರು ಪಾಳೀ ಜಗಳಾ ತಗದ್ರು. ನಾ ಬಂದು ಮಲಗಿದ್ರ, ನೋಡ್ರಿ ಬಾಯಿ ಮಾಡಿ ವಸೂಲ್ ಮಾಡ್ಕೊಂಡ್ರು ಅಂತಾರ ಮಂದಿ. ಇವರ ಮಾನಾ ಹೋಗತಿತ್ತು.”

ನಾನು ತಿರುಗಿಸಲಿಲ್ಲ. ಗೊತ್ತಿರಲಿಲ್ಲವಂತೆ ಎಂದಷ್ಟೇ ಡಾಕ್ಟರಿಗೆ ಹೇಳಿದೆ. ಶೆಟ್ಟೆಪ್ಪನವರು ನೀಲಿ ಗೌನಿನಲ್ಲೇ ನಿಂತಿದ್ದರು. ಅವರು ಎಲ್ಲವನ್ನೂ ಕೇಳಿಸಿಕೊಂಡಿದ್ದರು.

ನಾಗವ್ವನನ್ನು ಹೆಂಗಸರ ವಾರ್ಡಿಗೆ ಒಯ್ದರು. ಸ್ಟ್ರೆಚರ್ ತಳ್ಳಿದವರು ಶೆಟ್ಟೆಪ್ಪನವರೇ. ಅದರಲ್ಲಿ ಅವರ ಕೈ ಪಳಗಿತ್ತು. ವಾರ್ಡಿನ ಬಾಗಿಲಲ್ಲಿ ಆಯಾ ಕೆಲಸದ ಮಾವಶಿ ಅಡ್ಡ ನಿಂತಳು. ಗಂಡಸರು ಒಳಗೆ ಬರುವಂತಿಲ್ಲ, ಮನೆಯ ಹೆಂಗಸನ್ನು ಕರೆಯಿರಿ ಎಂದಳು.

“ಹಮಾರೇ ಘರ್ ಕೀ ಔರತ್ ಯಹೀ ಹೈ” ಎಂದು, ಮನೆಗಿರುವ ಹೆಂಗಸು ಇವಳೊಬ್ಬಳೇ ಎನ್ನುವಂತೆ ಶೆಟ್ಟೆಪ್ಪನವರು ಸ್ಟ್ರೆಚರ್ ತೋರಿಸಿದರು.

ಚಾಳಿನಲ್ಲಿ ಎಲ್ಲರಿಗಿಂತ ಹೆಚ್ಚು ಪಾಳಿ ಕೂತವರಿಗೆ ತಮ್ಮ ಹೆಂಡತಿಯ ಹತ್ತಿರ ಒಂದು ಪಾಳಿ ಕೂರಲು ಆಗಲಿಲ್ಲ. ಅವರು ಹೊರಗಿನ ಬಾಕಿನ ಮೇಲೆ, ಅಂದರೆ ಬೆಂಚಿನ ಮೇಲೆ, ಕೂತು ನನ್ನನ್ನು ಕೇಳಿದರು: “ಸರ್, ಈಗ ಯಾರು ಬರ್ತಾರ್ರಿ? ನನ್ನ ಪಾಳಿ ನಾ ಎಬಡ ಅರ್ಧಾ ಖರ್ಚ ಮಾಡಿಬಿಟ್ನೆಲ್ಲಾ.”

ನಾನು ಗುಂಪಿನಲ್ಲಿ ಹಾಕಿದ್ದ ಸುದ್ದಿ ಆಗಲೇ ಚಾಳಿಗೆ ಮುಟ್ಟಿತ್ತು, ಮೆಟ್ಟಿಲಿನಲ್ಲಿ ಹೆಂಗಸರ ದನಿ ಕೇಳಿತು. ಕಸ್ತೂರಿಬಾಯಿ, ಸಂತುವಿನ ಹೆಂಡತಿ ಗುರುಬಾಯಿ, ಮೇಲಿನ ಮಾಳಿಗೆಯ ಲಕ್ಷ್ಮವ್ವ, ನನ್ನ ಪಂಕಜಾ. ಬಂದವರು ಬಾಗಿಲಲ್ಲೇ ಜಗಳಕ್ಕೆ ಬಿದ್ದರು. “ನನ್ನ ಎರಡೂ ಬಾಣಂತನದಾಗ ಅಕೀನ ಕುಂತಿದ್ಲು, ಮೊದಲ ಪಾಳಿ ನಂದು” ಎಂದಳು ಗುರುಬಾಯಿ. ಗರ್ಭಕೋಶದ ಆಪರೇಷನ್ನಿಗೆ ತನ್ನ ತಲೆ ಬಾಚಿದವಳು ನಾಗವ್ವನೆಂದು ಲಕ್ಷ್ಮವ್ವ ವಾದಿಸಿದರು. “ನಾನು ಟೈಫಾಯ್ಡ್ ಆಗಿ ಮಲಗಿದ್ದಾಗ ಇವರು ಆಫೀಸಿಗೆ ಹೋಗಿದ್ರು. ಬಾಯಿಗೆ ಗಂಜಿ ಹಾಕಿದ್ದು ನಾಗವ್ವ” ಎಂದು ನನ್ನ ಹೆಂಡತಿ ನನ್ನ ಮುಂದೆಯೇ ಹೇಳಿದಳು.

ಶೆಟ್ಟೆಪ್ಪನವರು ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದರು. ಅವರ ತಕ್ಕಡಿಯಲ್ಲಿ ನಾಗವ್ವ ಕೂತ ಪಾಳಿಗಳು ಎಂದೂ ಬಿದ್ದಿರಲಿಲ್ಲ. ಆ ಹೆಂಗಸು ಅದನ್ನು ಮನೆಯಲ್ಲಿ ಹೇಳಿಕೊಂಡೇ ಇರಲಿಲ್ಲ.

ಅಲ್ಲಿಂದ ಶೆಟ್ಟೆಪ್ಪನವರು ಮಾರ್ಕೆಟ್ಟಿಗೆ ಹೋಗಲಿಲ್ಲ. ಬಾಕಿನ ಮೇಲೆ ಕೂರುವುದು, ಮಾವಶಿ ಕೂಗಿದ ಕೂಡಲೇ ಎದ್ದು ಔಷಧಕ್ಕೆ ಓಡುವುದು. ಭೇಟಿಯ ಹೊತ್ತಿಗೆ ಎಲ್ಲರಿಗಿಂತ ಮೊದಲು ಒಳಗೆ. ಒಂದು ಸಂಜೆ ನಾನೂ ಜೊತೆಯಲ್ಲಿದ್ದೆ. ನಾಗವ್ವ ದಿಂಬಿಗೆ ಒರಗಿ, ಒಂದೊಂದೇ ಮಾತು ಆರಿಸಿದಂತೆ ಮಾತಾಡುತ್ತಿದ್ದರು.

“ಸಮಾಧಾನ ಆತೇನ್ರಿ? ಎಲ್ಲಾರೂ ಬಂದು ಹ್ವಾದ್ರು. ನಿಮ್ಮ ಪಾಳಿ ಎಲ್ಲಾ ವಸೂಲ್ ಆದ್ವು.”

“ಎಲ್ಲೀ ವಸೂಲು” ಎಂದರು ಶೆಟ್ಟೆಪ್ಪನವರು. “ನೀ ಕುಂತಿದ್ದು ನಾ ಹಿಡದೇ ಇಲ್ಲ. ಅದನ್ನೆಲ್ಲಾ ಹಿಡದ್ರ ಬಾಳ ಬಾಕಿ ಅದಾವು. ಎಲ್ಲಾರೂ ಇನ್ನೂ ಹತ್ತ ಹತ್ತ ಸಲ ಬರಬೇಕು. ಅಲ್ಲೀತನಾ ನೀ ಎಲ್ಲೂ ಹೋಗೂಹಂಗಿಲ್ಲ.”

“ಅನ್ಯಾಯದ ಲೆಕ್ಕಾ ಮಾಡಬ್ಯಾಡ್ರಿ” ಎಂದು ನಾಗವ್ವ ನಕ್ಕರು. ಆಮೇಲೆ, “ಆ ಹುಗ್ಗಿ ಉಂಡ್ರಿ ಹೌದಿಲ್ಲೋ?” ಎಂದು ಕೇಳಿದರು.

“ಉಂಡೆ.”

“ಗೊತ್ತಿತ್ತು. ಡಬ್ಬಿ ತಿಕ್ಕಿದಾಕಿ ನಾನಲ್ಲ?”

ಶೆಟ್ಟೆಪ್ಪನವರು ಅವರ ಊದಿದ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ಒತ್ತತೊಡಗಿದರು. ಭೇಟಿಯ ಹೊತ್ತು ಮುಗಿಯಿತೆಂದು ಮಾವಶಿ ಗಂಟೆ ಬಾರಿಸಿದಳು. ಒಮ್ಮೆ ಬಾರಿಸಿ, ಇವರ ಕಡೆ ನೋಡಿ, ಎರಡನೆಯ ಸಲ ಬಾರಿಸದೆ ಹೋದಳು.

ಅದಾಗಿ ಕೆಲವು ದಿನಕ್ಕೆ, ಒಂದು ಬೆಳಿಗ್ಗೆ, ಸ್ಥಿತಿ ಕಷ್ಟವಿದೆ ಎಂದು ಡಾಕ್ಟರು ಹೇಳಿದರು. ಒಳಗೆ ಗುರುಬಾಯಿಯ ಪಾಳಿ. ಹೊರಗೆ ಬಾಕಿನ ಮೇಲೆ, ಗೋಡೆಯ ಬುಡದಲ್ಲಿ, ಮೆಟ್ಟಿಲ ಮೇಲೆ ಚಾಳಿನವರೆಲ್ಲ ಬಂದು ಕೂತರು. ಯಾರನ್ನೂ ಯಾರೂ ಕರೆದಿರಲಿಲ್ಲ. ಕಸ್ತೂರಿಬಾಯಿ ಆ ದಿನ ರೊಟ್ಟಿ ಬಡಿದಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬಾಗಿಲು ತೆರೆದು ಮಾವಶಿ ಹೊರಗೆ ಬಂದಳು.

“ನಾಗವ್ವಾಚೆ ನಾತೇವಾಯಿಕ ಕೋಣ?”

ಕೂತಿದ್ದವರೆಲ್ಲ ಒಟ್ಟಿಗೆ ಎದ್ದು ನಿಂತರು. ಸಂತು ಎದ್ದ, ಸೋಮನಾಥ ಎದ್ದ, ಹೆಂಗಸರೆಲ್ಲ ಎದ್ದರು, ನಾನೂ ಎದ್ದೆ. ಮಾವಶಿ ಇಷ್ಟು ಜನರಲ್ಲಿ ಯಾರಿಗೆ ಹೇಳುವುದೆಂದು ತಿಳಿಯದೆ ನಿಂತಳು. ಇಂಥ ಕೂಗಿಗೆ ಆಯುಷ್ಯವೆಲ್ಲ ಮೊದಲು ಎದ್ದು ನಿಂತಿದ್ದ ಶೆಟ್ಟೆಪ್ಪನವರು ಮಾತ್ರ ಆ ದಿನ ಬಾಕಿನಿಂದ ಏಳಲಿಲ್ಲ. ಸಂತು ಬಗ್ಗಿ ಅವರ ಎರಡೂ ರಟ್ಟೆಗೆ ಕೈಕೊಟ್ಟು ಎತ್ತಿದ.

ಮಳೆಗಾಲ ಕಳೆದ ಮೇಲೆ ಲಕ್ಷ್ಮವ್ವ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಕಸ್ತೂರಿಬಾಯಿಯ ಧ್ವನಿ ಬಂತು. ಒಂದೊಂದೇ ಮನೆಯ ಹೆಸರು ಹೇಳಿ, ಶೆಟ್ಟೆಪ್ಪನವರ ಮನೆಯನ್ನು ಬಿಟ್ಟರು. ಹೆಂಗಸರ ವಾರ್ಡು, ಆ ಮನೆಯಲ್ಲಿ ಈಗ ಹೆಂಗಸಿಲ್ಲ. ಸ್ವಲ್ಪ ಹೊತ್ತಿಗೆ ಗ್ಯಾಲರಿಯಲ್ಲಿ ಗದ್ದಲ ಕೇಳಿ ನಾವೆಲ್ಲ ಹೊರಗೆ ಬಂದೆವು. ಶೆಟ್ಟೆಪ್ಪನವರು ಮತ್ತೆ ಜಗಳ ತೆಗೆದಿದ್ದರು.

“ನಮ್ಮನಿ ಹೆಸರು ಯಾಕ ಬಿಟ್ರಿ? ಇದು ಎಲ್ಲೀ ನ್ಯಾಯ ಅಕ್ಕಾರ?”

“ಶೆಟ್ಟೆಪ್ಪಾ, ಅದು ಹೆಣ್ಮಕ್ಕಳ ವಾರ್ಡು. ನಿನಗ ಒಳಗ ಬಿಡಂಗಿಲ್ಲ” ಎಂದರು ಕಸ್ತೂರಿಬಾಯಿ ಮೆತ್ತಗೆ.

“ನನ್ನ ಪಾಳಿ ಅಂದೆನೇನು? ಅಕೀ ಪಾಳಿ. ಅಕೀದು ನಾ ಕೂಡ್ತೀನಿ. ಒಳಗ ಬಿಡದಿದ್ರ ಹೊರಗ ಬಾಕಿನ ಮ್ಯಾಲ ಕೂಡ್ತೀನಿ.”

ಕಸ್ತೂರಿಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು ಮೊಬೈಲು ಬಾಯಿಯ ಹತ್ತಿರ ಹಿಡಿದರು. “ಗುರುವಾರ, ನಾಗವ್ವ” ಎಂದು ಕಳಿಸಿದರು.

ಆ ಗುರುವಾರ ಒಳಗೆ ಲಕ್ಷ್ಮವ್ವನ ಹತ್ತಿರ ಕೂತಿದ್ದ ಪಂಕಜಳಿಗೆ ಡಬ್ಬಿ ಕೊಡಲು ನಾನು ಹೋಗಿದ್ದೆ. ಶೆಟ್ಟೆಪ್ಪನವರು ಗಂಜಿ ಹಾಕಿದ ಅದೇ ಅಂಗಿ ತೊಟ್ಟು, ಬಾಕಿನ ತುದಿಯಲ್ಲಿ ನೆಟ್ಟಗೆ ಕೂತಿದ್ದರು. ಬಾಗಿಲು ತೆರೆಯಿತು. ಲಕ್ಷ್ಮವ್ವನ ಸಂಬಂಧಿಕರು ಯಾರೆಂದು ಮಾವಶಿ ಕೂಗುವುದರೊಳಗೆ ಅವರು ಎದ್ದು ನಿಂತಾಗಿತ್ತು.

“ತುಮ್ಹೀ ಕೋಣ?” ಎಂದು ಆಕೆ ಕೇಳಿದಳು.

“ನಾಗವ್ವಾಚಾ ನವರಾ” ಎಂದರು ಶೆಟ್ಟೆಪ್ಪನವರು. ನಾಗವ್ವನ ಗಂಡ.

ಒಳಗೆ ಆ ಹೆಸರಿನ ರೋಗಿ ಯಾರೂ ಇರಲಿಲ್ಲ. ಮಾವಶಿ ಒಂದು ಗಳಿಗೆ ಅವರ ಮುಖ ನೋಡಿದಳು. ಆಮೇಲೆ ಏನೂ ಕೇಳದೆ ಲಕ್ಷ್ಮವ್ವನ ರಕ್ತದ ಬಾಟಲಿಯನ್ನು ಅವರ ಕೈಗೆ ಕೊಟ್ಟಳು. ಶೆಟ್ಟೆಪ್ಪನವರು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಮೆಲ್ಲಗೆ ಮೆಟ್ಟಿಲಿಳಿದು ಲ್ಯಾಬಿನ ಕಡೆಗೆ ಹೋದರು.